ಎಡ್ ಶೀರನ್‌ನ ಬಲಗೈ

ಇಂಗ್ಲೆಂಡಿನ ಪಾಪ್ ಹಾಡುಗಾರ ಎಡ್ ಶೀರನ್ ಒಳ್ಳೆ ಗಿಟಾರ್ ವಾದಕನಾ ಅಂತ ಕೇಳಿದರೆ, ಗಿಟಾರ್ ಕಲಿತವರಲ್ಲಿ ಅರ್ಧಕ್ಕರ್ಧ ಜನ ಮೂಗು ಮುರಿಯುತ್ತಾರೆ. "ನಾಲ್ಕು ಕಾರ್ಡ್ ಹಿಡಿದು ಹಾಡ್ತಾನೆ, ಅದೇನು ಮಹಾ" ಅನ್ನುವುದು ಅವರ ವಾದ. ಕಾರ್ಡ್ ಅಂದರೆ ಒಟ್ಟಿಗೆ ನುಡಿಯುವ ಕೆಲವು ಸ್ವರಗಳ ಗುಂಪು. ಗಿಟಾರ್ ಕಲಿಯದ ಅಭಿಮಾನಿಗಳು ಇನ್ನೊಂದು ತುದಿಗೆ ಹೋಗುತ್ತಾರೆ. ಒಬ್ಬನೇ ನಿಂತು ಇಡೀ ಸ್ಟೇಡಿಯಂ ಕುಣಿಸುತ್ತಾನೆ, ಅಂಥವನು ಜೀನಿಯಸ್ ಅಲ್ಲದೆ ಇನ್ನೇನು ಅಂತ. ಈ ಎರಡು ಗುಂಪಿನವರೂ ನೋಡಬೇಕಾದ ಕೈಯನ್ನು ನೋಡುತ್ತಿಲ್ಲ ಅಂತ ನನಗೆ ಅನ್ನಿಸುತ್ತದೆ. ಮೂಗು ಮುರಿಯುವವರು ಕಾರ್ಡ್ ಹಿಡಿಯುವ ಅವನ ಎಡಗೈ ನೋಡುತ್ತಾರೆ. ಅಭಿಮಾನಿಗಳು ಕೈ ನೋಡುವುದೇ ಇಲ್ಲ, ಮುಖ ನೋಡುತ್ತಾರೆ. ತಂತಿ ಮೀಟುವ ಬಲಗೈಯನ್ನು ಗಮನಿಸುವವರು ಕಡಿಮೆ.

ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲೇಜು ದಿನಗಳಲ್ಲಿ ನಾನು ಮದುವೆ ಆರತಕ್ಷತೆಗಳ ಆರ್ಕೆಸ್ಟ್ರಾದಲ್ಲಿ ರಿದಂ ಗಿಟಾರ್, ಅಂದರೆ ಹಾಡಿಗೆ ಕಾರ್ಡ್ ಮತ್ತು ಲಯ ಕೊಡುವ ಗಿಟಾರ್, ನುಡಿಸುತ್ತಿದ್ದೆ. ಲೀಡ್, ಅಂದರೆ ಎದ್ದು ಕೇಳುವ ಸ್ವರಗಳ ಓಟ, ನುಡಿಸುವವನಿಗೆ ಚಪ್ಪಾಳೆ. ಕೀಬೋರ್ಡಿನವನಿಗೆ ಮರ್ಯಾದೆ. ರಿದಂ ಗಿಟಾರಿನವನು ಅಲ್ಲಿದ್ದಾನೆ ಅನ್ನುವುದು ಜನಕ್ಕೆ ಗೊತ್ತಾಗುವುದು ಅವನು ತಪ್ಪಿದಾಗ ಮಾತ್ರ. ಹಾಗಾಗಿ ಯಾರೇ ಗಿಟಾರ್ ಹಿಡಿದರೂ ನನ್ನ ಕಣ್ಣು ಸೀದಾ ಬಲಗೈಗೆ ಹೋಗುತ್ತದೆ. ಈ ಬರಹವನ್ನು ಅಂಥವನೊಬ್ಬನ ತೀರ್ಪು ಅಂತಲೇ ಓದಿಕೊಳ್ಳಿ.

ಮೊದಲು ಎಡಗೈ ಲೆಕ್ಕ ಮುಗಿಸಿಬಿಡೋಣ, ಅಲ್ಲಿ ಹೇಳುವುದು ಜಾಸ್ತಿ ಇಲ್ಲ. ಅವನ ಬಹುತೇಕ ಹಾಡುಗಳು ಗಿಟಾರ್ ಕ್ಲಾಸಿನ ಮೊದಲ ಕೆಲವು ತಿಂಗಳಲ್ಲಿ ಕಲಿಸುವ ಕಾರ್ಡುಗಳ ಮೇಲೇ ನಿಂತಿವೆ. ಜಿ, ಸಿ, ಡಿ, ಇ ಮೈನರ್. ಧ್ವನಿಗೆ ಶ್ರುತಿ ಹೊಂದಬೇಕು ಅಂದರೆ ಕೇಪೋ ಹಾಕಿಕೊಂಡರಾಯಿತು, ಗಿಟಾರಿನ ಕುತ್ತಿಗೆಗೆ ಬಿಗಿದು ಎಲ್ಲ ತಂತಿಗಳ ಶ್ರುತಿಯನ್ನೂ ಒಟ್ಟಿಗೆ ಏರಿಸುವ ಕ್ಲಿಪ್ಪು ಅದು. 'ಪರ್ಫೆಕ್ಟ್' ಹಾಡನ್ನೇ ತಗೊಳ್ಳಿ. ಮೊದಲ ಫ್ರೆಟ್‌ಗೆ, ಅಂದರೆ ಕುತ್ತಿಗೆಯ ಮೇಲಿನ ಮೊದಲ ಮನೆಗೆ, ಕೇಪೋ ಹಾಕಿ, ಈ ನಾಲ್ಕೇ ಕಾರ್ಡುಗಳಲ್ಲಿ ಹಾಡಿನ ಮುಕ್ಕಾಲು ಪಾಲು ನುಡಿಸಬಹುದು. ಗಿಟಾರ್ ಕೊಂಡು ಆರು ತಿಂಗಳಾದ ಹುಡುಗರೆಲ್ಲ ಇದನ್ನು ನುಡಿಸುತ್ತಾರೆ, ಕೇಳುವವರು ಯಾವ ಹಾಡು ಅಂತ ಕೂಡಲೇ ಗುರುತು ಹಿಡಿಯುತ್ತಾರೆ. ಬೆರಳು ಮುರಿಯುವ ಜಾಝ್ ಕಾರ್ಡುಗಳಿಲ್ಲ, ಕುತ್ತಿಗೆ ಉದ್ದಕ್ಕೂ ಓಡಾಡುವ ಲೀಡ್ ಇಲ್ಲ. ಈ ಕೈಯ ಮಟ್ಟಿಗೆ ಮೂಗು ಮುರಿಯುವವರು ಹೇಳುವುದು ನಿಜವೇ.

ತಮಾಷೆ ಏನೆಂದರೆ ಅವನು ಗಿಟಾರ್ ಹಿಡಿದದ್ದೇ ಒಬ್ಬ ಲೀಡ್ ವಾದಕನನ್ನು ನೋಡಿ. 2002ರಲ್ಲಿ ರಾಣಿ ಎಲಿಜಬೆತ್ ಪಟ್ಟಕ್ಕೇರಿದ ಐವತ್ತನೇ ವರ್ಷದ ಸಂಭ್ರಮಕ್ಕೆ ಬಕಿಂಗ್‌ಹ್ಯಾಂ ಅರಮನೆಯ ಅಂಗಳದಲ್ಲಿ ಸಂಗೀತ ಕಾರ್ಯಕ್ರಮ ನಡೆಯಿತು. ಎರಿಕ್ ಕ್ಲಾಪ್ಟನ್ ಅಲ್ಲಿ 'ಲೈಲಾ' ನುಡಿಸಿದ. ಇಂಗ್ಲೆಂಡಿನ ಸಫಕ್ ಜಿಲ್ಲೆಯ ಫ್ರಾಮ್ಲಿಂಗಂ ಅನ್ನೋ ಸಣ್ಣ ಊರಿನಲ್ಲಿ ಹನ್ನೊಂದು ವರ್ಷದ ಎಡ್ ಅದನ್ನು ನೋಡಿ ಗಿಟಾರ್ ಬೇಕು ಅಂದ. ಹಾಗೆ ಶುರುವಾದವನು ಲೀಡ್ ಕಡೆ ಹೋಗಲೇ ಇಲ್ಲ. ಐರ್ಲೆಂಡಿನ ಡೇಮಿಯನ್ ರೈಸ್ ತರಹದ, ಒಂದು ಗಿಟಾರ್ ಮತ್ತು ಒಂದು ಕಂಠದಲ್ಲೇ ಮುಗಿಸುವ ಹಾಡುಗಾರರು ಅವನನ್ನು ಎಳೆದುಕೊಂಡರು. ನುಡಿಸಿದ್ದನ್ನು ಅಲ್ಲೇ ಹಿಡಿದು ಮತ್ತೆ ಮತ್ತೆ ಕೇಳಿಸುವ ಲೂಪ್ ಪೆಡಲ್ ಕಂಡದ್ದೂ ಐರ್ಲೆಂಡಿನ ಒಬ್ಬ ಹಾಡುಗಾರನ ಕೈಯಲ್ಲೇ, ಗ್ಯಾರಿ ಡನ್ ಅಂತ ಅವನ ಹೆಸರು. ಆಮೇಲಿನದು ವರ್ಷಗಟ್ಟಲೆ ಪಬ್‌ಗಳು. ಕುಡಿದು ಮಾತಾಡುತ್ತಾ ಕೂತವರು ಈ ಕಡೆ ತಿರುಗಿ ನೋಡುವ ಹಾಗೆ ಹಾಡಬೇಕು. ಜೊತೆಗೆ ಡ್ರಮ್ಮರ್ ಇಲ್ಲ, ತಗ್ಗು ಸ್ವರ ಕೊಡುವ ಬೇಸ್ ಇಲ್ಲ, ಸಂಬಳ ಕೊಡಲು ದುಡ್ಡೂ ಇಲ್ಲ.

ಬಲಗೈ ತಯಾರಾದದ್ದು ಅಲ್ಲಿ.

ಅವನು ಗಿಟಾರ್ ನುಡಿಸುವುದನ್ನು ಹತ್ತಿರದಿಂದ ತೆಗೆದ ಯಾವುದಾದರೂ ವಿಡಿಯೋ ಹಾಕಿ, ಶಬ್ದ ನಿಲ್ಲಿಸಿ ನೋಡಿ. ನಾಲ್ಕು ಎಣಿಕೆಯಲ್ಲಿ ಒಂದು ಮತ್ತು ಮೂರಕ್ಕೆ ಹೆಬ್ಬೆರಳು ದಪ್ಪ ತಂತಿಗಳ ಕಡೆ ಹೋಗುತ್ತದೆ. ಎರಡು ಮತ್ತು ನಾಲ್ಕಕ್ಕೆ ಕೈ ತಂತಿಗಳ ಮೇಲೆ ತಟ್ಟನೆ ಬೀಳುತ್ತದೆ. ಆಗ ಸ್ವರ ಬರುವುದಿಲ್ಲ, 'ಟಕ್' ಅಂತ ಒಂದು ಏಟು ಬರುತ್ತದೆ. ಡ್ರಮ್ಸ್‌ನಲ್ಲಿ ಸ್ನೇರ್ ಅನ್ನುವ, ಚುರುಕು ಸದ್ದಿನ ಡ್ರಮ್ಮಿನ ಏಟು ಬೀಳುವ ಜಾಗ ಅದು. ನಡುವೆ ಸಿಕ್ಕ ಸಂದಿಯಲ್ಲಿ ಉಳಿದ ಬೆರಳುಗಳು ತೆಳು ತಂತಿಗಳನ್ನು ಮೀಟುತ್ತವೆ. ಅಂದರೆ ಒಂದೇ ಕೈಯಲ್ಲಿ ಬೇಸ್, ಸ್ನೇರ್, ಕಾರ್ಡ್ ಮೂರೂ ನಡೆಯುತ್ತಿರುತ್ತವೆ. ಇದು ಅವನು ಕಂಡುಹಿಡಿದ ವಿದ್ಯೆ ಏನಲ್ಲ, ಅವನಿಗಿಂತ ಮುಂಚೆಯೂ ಬೇಕಾದಷ್ಟು ಜನ ಮಾಡಿದ್ದಾರೆ. ಅವನಿಗಿಂತ ಸೊಗಸಾಗಿ ಮಾಡುವವರೂ ಇದ್ದಾರೆ. ಆದರೆ ಅವರಲ್ಲಿ ಹೆಚ್ಚಿನವರು ಆಗ ಬಾಯಿ ಮುಚ್ಚಿಕೊಂಡಿರುತ್ತಾರೆ. ಇವನು ಅದರ ಮೇಲೆ ರ್‍ಯಾಪ್ ಮಾಡುತ್ತಾನೆ, ಉಸಿರು ಬಿಡಲೂ ಜಾಗವಿಲ್ಲದಷ್ಟು ಮಾತು ತುರುಕಿ. ಮಾತು ಎಣಿಕೆಗಿಂತ ಮುಂದೆ ಓಡುತ್ತದೆ, ಹಿಂದೆ ಬೀಳುತ್ತದೆ. ಕೈ ಮಾತ್ರ ಕದಲುವುದಿಲ್ಲ. ಹಾಡುತ್ತಾ ತಾಳ ಹಾಕುವಾಗ ಸಾಹಿತ್ಯ ತಾಳದ ಮೊದಲ ಏಟು ಬಿಟ್ಟು ಎಡಪ್ಪಿನಿಂದ ಶುರುವಾದರೆ ಕೈ ಹೇಗೆ ತಡವರಿಸುತ್ತದೆ ಅನ್ನುವುದು ಸ್ವಲ್ಪ ಸಂಗೀತ ಕಲಿತವರಿಗೂ ಗೊತ್ತು. ಇಲ್ಲಿ ಅದೇ ಕಷ್ಟ ಇದೆ, ಕೈಗೆ ಮೂರು ಕೆಲಸ ಬೇರೆ.

ಗಿಟಾರ್ ಆಯ್ಕೆಯೂ ಇದಕ್ಕೆ ಸರಿಯಾಗಿದೆ. ಅವನು ಹೆಸರು ಮಾಡಿದ್ದು ಲಿಟಲ್ ಮಾರ್ಟಿನ್ ಅನ್ನೋ ಪುಟ್ಟ ಗಿಟಾರಿನಲ್ಲಿ. ಮಕ್ಕಳಿಗೆ, ಪ್ರಯಾಣಕ್ಕೆ ಅಂತ ಕೊಳ್ಳುವ ಗಿಟಾರ್ ಅದು. ದೊಡ್ಡ ಗಿಟಾರಿನಲ್ಲಿ ತಂತಿ ಸುಮಾರು 25 ಇಂಚು ಇದ್ದರೆ ಇದರಲ್ಲಿ 23. ಹಿಂಬದಿ, ಪಕ್ಕಗಳು ಗಟ್ಟಿ ಮರವೂ ಅಲ್ಲ, ಒತ್ತಿ ಮಾಡಿದ ಲ್ಯಾಮಿನೇಟ್. ಇಷ್ಟೊಂದು ದುಡ್ಡಿರುವವನು ಇದನ್ನು ಯಾಕೆ ಹಿಡಿದಿದ್ದಾನೆ ಅಂತ ಜನ ಕೇಳುತ್ತಿದ್ದರು. ನನಗೆ ಕಾಣುವ ಕಾರಣ ಇದು: ಚಿಕ್ಕ ಪೆಟ್ಟಿಗೆಯಲ್ಲಿ ಸದ್ದು ಬೇಗ ಸಾಯುತ್ತದೆ. ಒಂಟಿಯಾಗಿ ಕೂತು ನುಡಿಸುವವನಿಗೆ ಅದು ಕೊರತೆ. ಪದರದ ಮೇಲೆ ಪದರ ಹಾಕುವವನಿಗೆ ಅದೇ ಅನುಕೂಲ. ದೊಡ್ಡ ಗಿಟಾರಿನ ಗುಂಯ್‌ಗುಡುವ ಸದ್ದನ್ನು ನಾಲ್ಕು ಸಲ ಒಂದರ ಮೇಲೊಂದು ಹಾಕಿದರೆ ಎಲ್ಲವೂ ಕಲಸಿಹೋಗುತ್ತದೆ. ಆಮೇಲೆ ಉತ್ತರ ಐರ್ಲೆಂಡಿನ ಗಿಟಾರ್ ತಯಾರಕ ಜಾರ್ಜ್ ಲೋಡನ್ ಜೊತೆ ಸೇರಿ ಶೀರನ್ ಹೆಸರಿನದೇ ಗಿಟಾರುಗಳು 2019ರಲ್ಲಿ ಮಾರುಕಟ್ಟೆಗೆ ಬಂದವು. ಅದರಲ್ಲೂ ಸಣ್ಣ ಮೈಯವು ಇವೆ.

ಈಗ ಪೆಡಲ್ ವಿಷಯ. ಜನಕ್ಕೆ ಅತಿ ಹೆಚ್ಚು ತಪ್ಪು ಕಲ್ಪನೆ ಇರುವುದು ಇಲ್ಲೇ.

ಲೂಪ್ ಪೆಡಲ್ ಅನ್ನುವುದು ಕಾಲಿನಿಂದ ಒತ್ತುವ ರೆಕಾರ್ಡರ್, ಅಷ್ಟೇ. ಒಮ್ಮೆ ಒತ್ತಿದರೆ ರೆಕಾರ್ಡಿಂಗ್ ಶುರು. ಇನ್ನೊಮ್ಮೆ ಒತ್ತಿದರೆ ಅಲ್ಲಿಗೆ ನಿಲ್ಲಿಸಿ, ಆ ಕೂಡಲೇ ಮೊದಲಿನಿಂದ ಕೇಳಿಸುತ್ತದೆ. ಮತ್ತೆ ಒತ್ತಿ ಅದರ ಮೇಲೆ ಇನ್ನೊಂದು ಪದರ ಸೇರಿಸಬಹುದು. 2011ರಲ್ಲಿ ಜೂಲ್ಸ್ ಹಾಲಂಡ್‌ನ ಟಿವಿ ಕಾರ್ಯಕ್ರಮದಲ್ಲಿ ಅವನು ಹೀಗೆ ನುಡಿಸಿದ ವಿಡಿಯೋ ತುಂಬಾ ಓಡಾಡಿತು. ಬಾಯಲ್ಲೇ ಡ್ರಮ್ಸ್, ಮೇಲೆ ಗಿಟಾರ್, ಅದರ ಮೇಲೆ ಒಂದೊಂದಾಗಿ ಕಂಠಗಳು. ಒಬ್ಬನೇ ಮನುಷ್ಯ, ಕೇಳುವುದು ಗುಂಪಿನ ಹಾಗೆ.

ಇದನ್ನು ನೋಡಿ "ಯಂತ್ರ ಮಾಡುತ್ತೆ, ಇವನೇನು ಮಾಡ್ತಾನೆ" ಅನ್ನುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಈ ಯಂತ್ರ ಸಹಾಯಕ್ಕಿಂತ ಶಿಕ್ಷೆಯೇ ಜಾಸ್ತಿ ಕೊಡುತ್ತದೆ. 'ಶೇಪ್ ಆಫ್ ಯು' ಲೆಕ್ಕ ಹಾಕಿ ನೋಡೋಣ. ಅದರ ವೇಗ ನಿಮಿಷಕ್ಕೆ 96 ಏಟು. ನಾಲ್ಕು ಕಾರ್ಡುಗಳ ಒಂದು ಸುತ್ತು ಎಂಟು ಏಟಿಗೆ ಮುಗಿಯುತ್ತದೆ. ಆದಿತಾಳದ ಒಂದು ಆವರ್ತನದಷ್ಟು ಅಂದುಕೊಳ್ಳಿ. ಗಡಿಯಾರದಲ್ಲಿ ಅದು ಸರಿಯಾಗಿ ಐದು ಸೆಕೆಂಡ್. ನಾಲ್ಕು ನಿಮಿಷಕ್ಕೆ ಸ್ವಲ್ಪ ಕಡಿಮೆ ಇರುವ ಹಾಡಿನಲ್ಲಿ ಈ ಸುತ್ತು ನಲವತ್ತಕ್ಕೂ ಹೆಚ್ಚು ಸಲ ಬರುತ್ತದೆ.

ಎರಡನೇ ಸಲ ಪೆಡಲ್ ಒತ್ತುವ ಗಳಿಗೆ ಸಮದ ಮೇಲೇ, ಅಂದರೆ ಸುತ್ತಿನ ಮೊದಲ ಏಟಿನ ಮೇಲೇ ಬೀಳಬೇಕು. ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಯಿತು ಅಂದುಕೊಳ್ಳಿ. ಸಾಮಾನ್ಯ ಗಿಟಾರಿಸ್ಟ್ ಅಷ್ಟು ತಪ್ಪಿದರೆ ಒಂದು ಸಲ ತಪ್ಪಿದ, ಮುಂದಿನ ಏಟಿಗೆ ಸರಿಮಾಡಿಕೊಂಡ, ಯಾರಿಗೂ ಗೊತ್ತಾಗಲಿಲ್ಲ. ಲೂಪ್‌ನಲ್ಲಿ ಹಾಗಲ್ಲ. ಪ್ರತಿ ಐದು ಸೆಕೆಂಡಿಗೊಮ್ಮೆ ಹಾಡು ಒಂದು ಸಲ ಕುಂಟುತ್ತದೆ, ಹಾಡು ಮುಗಿಯುವವರೆಗೂ ಕುಂಟುತ್ತಲೇ ಇರುತ್ತದೆ. ಮೇಲೆ ಹಾಕಿದ ಪ್ರತಿ ಪದರವೂ ಆ ಕುಂಟುವ ಅಡಿಪಾಯದ ಮೇಲೇ ಕೂರಬೇಕು. ಒಂದು ತಂತಿ 'ಝುಂಯ್' ಅಂದರೂ ಅದೇ ಗತಿ, ಆ ಸದ್ದು ನಲವತ್ತು ಸಲ ನಿಮ್ಮನ್ನು ಅಣಕಿಸುತ್ತದೆ. ಯಾರಾದರೂ ಗೆಳೆಯರ ಹತ್ತಿರ ಲೂಪರ್ ಇದ್ದರೆ ಒಂದು ಸಂಜೆ ಇಸಕೊಂಡು ನೋಡಿ. ಹತ್ತು ನಿಮಿಷದಲ್ಲಿ ನಿಮ್ಮ ಲಯದ ಬಗ್ಗೆ ಇದ್ದ ಭ್ರಮೆಯೆಲ್ಲ ಇಳಿದುಹೋಗುತ್ತದೆ.

2015ರ ಜುಲೈನಲ್ಲಿ ಇವನು ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಮೂರು ರಾತ್ರಿ ಹೀಗೆ ಒಬ್ಬನೇ ನಿಂತು ಕಾರ್ಯಕ್ರಮ ಕೊಟ್ಟ. ಒಂದೊಂದು ರಾತ್ರಿಗೂ ಸುಮಾರು 80 ಸಾವಿರ ಜನ. ತಪ್ಪಿದರೆ ಮುಚ್ಚಿಕೊಳ್ಳಲು ಪಕ್ಕದಲ್ಲಿ ಯಾರೂ ಇಲ್ಲ. 2017ರಿಂದ 2019ರವರೆಗಿನ ಪ್ರವಾಸವೂ ಹಾಗೇ ನಡೆದು, ಅಲ್ಲಿಯವರೆಗಿನ ಅತಿ ಹೆಚ್ಚು ಗಳಿಕೆಯ ಸಂಗೀತ ಪ್ರವಾಸ ಅನ್ನಿಸಿಕೊಂಡಿತು. ಇದರ ನಡುವೆ 2017ರ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಅವನು ನುಡಿಸಿದ್ದು ಟಿವಿಯಲ್ಲಿ ಬಂದಾಗ, ರೆಕಾರ್ಡ್ ಮಾಡಿ ತಂದ ಟ್ರ್ಯಾಕ್ ಹಾಕಿ ಮೋಸ ಮಾಡಿದ ಅಂತ ಕೆಲವರು ಗಲಾಟೆ ಮಾಡಿದರು. ಎಲ್ಲವೂ ಅಲ್ಲೇ ನುಡಿಸಿದ್ದು, ಅದು ಲೂಪ್ ಸ್ಟೇಷನ್, ಬೇಕಾದರೆ ಗೂಗಲ್ ಮಾಡಿ ನೋಡಿ ಅನ್ನುವ ಅರ್ಥದಲ್ಲಿ ಅವನು ಟ್ವಿಟರ್‌ನಲ್ಲಿ ಉತ್ತರ ಕೊಟ್ಟ. ನನಗೆ ಆ ಆರೋಪವೇ ದೊಡ್ಡ ಪ್ರಶಂಸೆ ಅನ್ನಿಸಿತು. ರೆಕಾರ್ಡಿಂಗ್ ಅಂತ ಅನುಮಾನ ಬರುವಷ್ಟು ಕರಾರುವಾಕ್ಕಾಗಿ ನುಡಿಸಿದ್ದಾನೆ ಅಂತ ತಾನೇ ಅದರರ್ಥ?

ಆದರೆ ಪೆಡಲ್ ಸುಮ್ನೆ ಕೊಡುವುದಿಲ್ಲ, ಬೆಲೆ ತಗೊಳ್ಳುತ್ತದೆ. ಒಮ್ಮೆ ಸುತ್ತು ಹಾಕಿದ ಮೇಲೆ ಕಾರ್ಡ್ ಬದಲಾಯಿಸುವುದು ಕಷ್ಟ. ಪಲ್ಲವಿಗೆ ಒಂದು ದಾರಿ, ಚರಣಕ್ಕೆ ಇನ್ನೊಂದು ದಾರಿ ಬೇಕು ಅಂದರೆ ಇನ್ನೊಂದು ಸುತ್ತನ್ನು ಬೇರೆಯಾಗಿ ಕಟ್ಟಬೇಕು. ಅಷ್ಟರಲ್ಲಿ ಹಾಡು ತಣ್ಣಗಾಗುತ್ತದೆ. ಹಾಗಾಗಿ ಮೊದಲಿನಿಂದ ಕೊನೆಯವರೆಗೂ ಒಂದೇ ಸುತ್ತಿನ ಮೇಲೆ ನಿಲ್ಲುವ ಹಾಡುಗಳು ಅವನಲ್ಲಿ ಬಹಳ. ಅವನ ಹಾಡುಗಳು ಏಕತಾನ ಅಂತ ದೂರುವವರು ಈ ಕಡೆಯಿಂದ ನೋಡಿದರೆ ಸರಿಯೇ. 'ಪರ್ಫೆಕ್ಟ್' ಥರದ ಹಾಡಿನಲ್ಲಿ ಪಲ್ಲವಿಗೆ ಬಂದಾಗ ಕಾರ್ಡುಗಳ ಸರದಿ ಬದಲಾಗುತ್ತದೆ, ಅಲ್ಲಿ ಒಂದೇ ಸುತ್ತು ಸಾಲುವುದಿಲ್ಲ. ನನಗೆ ಅವನ ಲೂಪ್ ಹಾಡುಗಳನ್ನು ನೋಡುವುದು ಇಷ್ಟ, ಕಣ್ಣು ಮುಚ್ಚಿ ಕೇಳುವುದು ಅಷ್ಟು ಇಷ್ಟವಿಲ್ಲ. ಮೂರನೇ ನಿಮಿಷಕ್ಕೆ ಬರುವಷ್ಟರಲ್ಲಿ ಕಿವಿ ಬೇರೆ ಸ್ವರ ಹುಡುಕುತ್ತದೆ.

ಎಡಗೈಯಲ್ಲಿ ಏನೂ ಇಲ್ಲ ಅಂದೆ ಅಲ್ವಾ? ಆ ಎಡಗೈಯ ಒಂದು ಬೆರಳಿನ ಮೇಲೆ ಒಂದು ದೊಡ್ಡ ಮೊಕದ್ದಮೆಯೇ ನಡೆದಿದೆ.

2023ರ ಏಪ್ರಿಲ್ ಕೊನೆಯಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್ ಫೆಡರಲ್ ಕೋರ್ಟ್‌ನಲ್ಲಿ ವಿಚಾರಣೆ ಶುರುವಾಯಿತು. ಇವನು ಏಮಿ ವಾಜ್ ಜೊತೆ ಬರೆದ 'ಥಿಂಕಿಂಗ್ ಔಟ್ ಲೌಡ್', ಮಾರ್ವಿನ್ ಗೇ 1973ರಲ್ಲಿ ಹಾಡಿದ 'ಲೆಟ್ಸ್ ಗೆಟ್ ಇಟ್ ಆನ್' ಹಾಡಿನ ಕಳವು ಅನ್ನುವುದು ಆರೋಪ. ಕೇಸು ಹಾಕಿದವರು ಆ ಹಳೇ ಹಾಡನ್ನು ಗೇ ಜೊತೆ ಬರೆದ ಎಡ್ ಟೌನ್‌ಸೆಂಡ್‌ನ ವಾರಸುದಾರರು. ಅವರ ಕಡೆಯ ಸಂಗೀತ ತಜ್ಞರು ಎರಡೂ ಹಾಡುಗಳ ಕಾರ್ಡುಗಳ ಓಟ ಒಂದೇ ಅಂದರು. ಹಳೇ ಹಾಡಿನಲ್ಲಿ ಎರಡನೆಯದು ಮೈನರ್, ಅಂದರೆ ಕೊಂಚ ವಿಷಾದದ ಛಾಯೆಯ ಕಾರ್ಡ್, ಶೀರನ್ ಹಾಡಿನಲ್ಲೂ ಅದು ಮೈನರ್‌ಗೆ ಸಮ ಅಂತ ವಾದ. ಶೀರನ್ ಸಾಕ್ಷಿ ಕಟ್ಟೆಯಲ್ಲಿ ಗಿಟಾರ್ ಕೈಗೆತ್ತಿಕೊಂಡ. ನಾನು ನುಡಿಸುವುದು ಹೀಗೆ, ಅಲ್ಲಿ ಮೈನರ್ ಇಲ್ಲ ಅಂತ ನುಡಿಸಿ, ಹಾಡಿ ತೋರಿಸಿದ.

ವ್ಯತ್ಯಾಸ ಎಷ್ಟು ಸಣ್ಣದು ನೋಡಿ. ಶ್ರುತಿ ಡಿ ಅಂದುಕೊಳ್ಳಿ. ಶೀರನ್ ಹಿಡಿಯುವ ಎರಡನೇ ಕಾರ್ಡಿನಲ್ಲಿ ಕೆಳಗಿನ ಸ್ವರ ಎಫ್ ಶಾರ್ಪ್, ಮೇಲೆ ಅದೇ ಡಿ ಕಾರ್ಡ್. ಅಂದರೆ ಗಾಂಧಾರವನ್ನು ಕೆಳಗಿಟ್ಟ ಸ-ಗ-ಪ. ಎಫ್ ಶಾರ್ಪ್ ಮೈನರ್ ಆಗಿದ್ದರೆ ಅದು ಗ-ಪ-ನಿ. ಗಾಂಧಾರ ಎರಡರಲ್ಲೂ ಇದೆ, ಪಂಚಮ ಎರಡರಲ್ಲೂ ಇದೆ. ಉಳಿದದ್ದು ಷಡ್ಜವಾ, ನಿಷಾದವಾ ಅನ್ನುವುದು. ಗಿಟಾರಿನ ಎರಡನೇ ತಂತಿಯ ಮೇಲೆ ನೋಡಿದರೆ, ಬೆರಳು ಮೂರನೇ ಫ್ರೆಟ್‌ನಲ್ಲಿದ್ದರೆ ಷಡ್ಜ, ಎರಡನೇ ಫ್ರೆಟ್‌ನಲ್ಲಿದ್ದರೆ ನಿಷಾದ. ಹೆಚ್ಚು ಕಡಿಮೆ ಎರಡು ಬೆರಳಗಲದ ಜಾಗ, ಅದಕ್ಕೆ ಕೋಟಿಗಟ್ಟಲೆ ಡಾಲರಿನ ಜಗಳ. ಮೇ 4ರಂದು ಜ್ಯೂರಿ ಕಳವು ನಡೆದಿಲ್ಲ ಅಂತ ತೀರ್ಪು ಕೊಟ್ಟಿತು. ಜ್ಯೂರಿಯಲ್ಲಿದ್ದವರು ಈ ಒಂದು ಸ್ವರದ ಮೇಲೇ ತೀರ್ಮಾನ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಅಂಥ ಕಾರ್ಡುಗಳ ಓಟ ಯಾರ ಆಸ್ತಿಯೂ ಅಲ್ಲ ಅನ್ನುವುದು ಅವನ ಕಡೆಯ ಮುಖ್ಯ ವಾದವಾಗಿತ್ತು. ಆದರೆ ಕೋಟು ಹಾಕಿಕೊಂಡು ಕೋರ್ಟಿನಲ್ಲಿ ಕೂತು, ಎದುರು ವಕೀಲರು ನೋಡುತ್ತಿರುವಾಗ, ಕೈ ನಡುಗದೆ ನುಡಿಸಿ ಹಾಡುವುದಿದೆಯಲ್ಲ, ಅದೂ ಒಂದು ಸಂಗೀತ ಕಚೇರಿಯೇ.

ನಮ್ಮ ಊರಿಗೆ ಬಂದಾಗ ನುಡಿಸಿದ್ದು ಇದಕ್ಕಿಂತ ಬೇಗ ನಿಂತುಹೋಯಿತು. 2025ರ ಫೆಬ್ರುವರಿ 8 ಮತ್ತು 9ರಂದು ಬೆಂಗಳೂರಿನ ನೈಸ್ ಮೈದಾನದಲ್ಲಿ ಅವನ ಕಾರ್ಯಕ್ರಮ ಇತ್ತು. 9ರ ಬೆಳಗ್ಗೆ ಚರ್ಚ್ ಸ್ಟ್ರೀಟ್‌ನಲ್ಲಿ ಮೈಕ್ ಇಟ್ಟುಕೊಂಡು, ಗಿಟಾರ್ ಹಿಡಿದು ಹಾಡತೊಡಗಿದ. ಪೊಲೀಸರು ಬಂದು ವೈರ್ ಕಿತ್ತರು. ಅನುಮತಿ ಇರಲಿಲ್ಲ ಅಂತ ಪೊಲೀಸರು, ಇತ್ತು ಅಂತ ಅವನು. ವಾರವಿಡೀ ಊರೆಲ್ಲ ಇದೇ ಮಾತು. ಅನುಮತಿ ಬಗ್ಗೆ ಮಾತಾಡಿದರು, ಬೆಂಗಳೂರಿನ ಮಾನದ ಬಗ್ಗೆ ಮಾತಾಡಿದರು, ಅದೇ ರಾತ್ರಿ ಶಿಲ್ಪಾ ರಾವ್ ಜೊತೆ ಅವನು ಹಾಡಿದ ತೆಲುಗು ಹಾಡಿನ ಬಗ್ಗೆ, ಕನ್ನಡ ಯಾಕಿಲ್ಲ ಅನ್ನುವುದರ ಬಗ್ಗೆಯೂ ಮಾತಾಡಿದರು. ಅವನ ಗಿಟಾರ್ ಬಗ್ಗೆ ಒಬ್ಬರೂ ಒಂದು ಮಾತು ಆಡಿದ್ದನ್ನು ನಾನು ಕೇಳಲಿಲ್ಲ. ರಿದಂ ಗಿಟಾರಿನವನ ಹಣೆಬರಹ ಎಲ್ಲ ಊರಲ್ಲೂ ಒಂದೇ.

ಹಾಗಾದರೆ ಎಷ್ಟು ಒಳ್ಳೆಯವನು? ಪಾಪ್ ಹಾಡುಗಾರರಲ್ಲೇ ಗಿಟಾರ್‌ಗೆ ಹೆಸರಾದವರ ಜೊತೆ ಇಟ್ಟು ನೋಡಿದರೆ ಅವನ ಮಿತಿ ಕೂಡಲೇ ಕಾಣುತ್ತದೆ. 2004ರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ನೆನಪಿಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ವೇದಿಕೆಯಲ್ಲಿ ಅಮೆರಿಕದ ಪಾಪ್ ಹಾಡುಗಾರ ಪ್ರಿನ್ಸ್ ನುಡಿಸಿದ ಸೋಲೋ ಇದೆ. ಟಾಮ್ ಪೆಟ್ಟಿ, ಜೆಫ್ ಲಿನ್ ಥರದವರು ಅಕ್ಕಪಕ್ಕದಲ್ಲಿ ನಿಂತಿದ್ದಾರೆ. ಪ್ರಿನ್ಸ್ ಮೂಲೆಯಿಂದ ಬಂದು ಹಾಡಿನ ಉಳಿದ ಭಾಗವನ್ನೆಲ್ಲ ತನ್ನ ಹೆಸರಿಗೆ ಬರೆಸಿಕೊಂಡು ಹೋಗುತ್ತಾನೆ. ಶೀರನ್ ಸಾಯುವವರೆಗೂ ಅಭ್ಯಾಸ ಮಾಡಿದರೂ ಅದು ಆಗುವ ಮಾತಲ್ಲ, ಅವನಿಗೆ ಅದು ಬೇಕಾಗಿಯೂ ಇಲ್ಲ. 2015ರ ಗ್ರ್ಯಾಮಿ ಸಮಾರಂಭದಲ್ಲಿ ಅದೇ 'ಥಿಂಕಿಂಗ್ ಔಟ್ ಲೌಡ್' ಹಾಡಿದಾಗ ಲೀಡ್ ನುಡಿಸಲು ಜಾನ್ ಮೇಯರ್ ನಿಂತಿದ್ದ. ಪಿಯಾನೋಗೆ ಹರ್ಬಿ ಹ್ಯಾನ್‌ಕಾಕ್, ಡ್ರಮ್ಸ್‌ಗೆ ಕ್ವೆಸ್ಟ್‌ಲವ್. ಅಂಥ ಮೂರು ಜನರ ನಡುವೆ ಶೀರನ್ ಸುಮ್ಮನೆ ತನ್ನ ಕಾರ್ಡ್ ಹಿಡಿದು ಹಾಡಿದ. ತನಗೆ ಏನು ಬರುವುದಿಲ್ಲ ಅನ್ನುವುದು ಚೆನ್ನಾಗಿ ಗೊತ್ತಿರುವವನ ನಡವಳಿಕೆ ಅದು.

ನಮ್ಮ ಸಂಗೀತ ಕಚೇರಿ ಲೆಕ್ಕದಲ್ಲಿ ಹೇಳುವುದಾದರೆ ಅವನು ತನಗೆ ತಾನೇ ಪಕ್ಕವಾದ್ಯ ನುಡಿಸಿಕೊಳ್ಳುವ ಹಾಡುಗಾರ. ವಾದ್ಯವೊಂದೇ ನುಡಿಯುವ ತನಿ ಆವರ್ತನ ಕೊಟ್ಟರೆ ಹೇಳಿಕೊಳ್ಳುವಂಥದ್ದೇನೂ ಹೊರಡುವುದಿಲ್ಲ. ಆದರೆ ಹಾಡು ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ, ಎಲ್ಲಿ ಒತ್ತು ಬೇಕು, ಎಲ್ಲಿ ಕೈ ಸುಮ್ಮನಿರಬೇಕು ಅನ್ನುವುದರಲ್ಲಿ ಅವನಿಗೆ ಸಮ ನಿಲ್ಲುವ ಪಾಪ್ ಹಾಡುಗಾರರು ಕಡಿಮೆ. ನನ್ನನ್ನು ಕೇಳಿದರೆ ಎಡಗೈಗೆ ಹತ್ತಕ್ಕೆ ಐದು, ಬಲಗೈಗೆ ಒಂಬತ್ತು, ಪೆಡಲ್ ಒತ್ತುವ ಕಾಲಿಗೆ ಹತ್ತಕ್ಕೆ ಹತ್ತು. ಸರಾಸರಿ ತೆಗೆಯಲು ಹೋಗಬೇಡಿ, ಅದು ಯಾವ ಅಂಗಕ್ಕೂ ನ್ಯಾಯ ಮಾಡುವುದಿಲ್ಲ.

2022ರಲ್ಲಿ ಶುರುವಾದ ಪ್ರವಾಸದಿಂದ ಕೆಲವು ಹಾಡುಗಳಿಗೆ ಅವನು ಬ್ಯಾಂಡ್ ಕಟ್ಟಿಕೊಂಡಿದ್ದಾನೆ. ಹಾಡುಗಳಿಗೆ ಅದರಿಂದ ಒಳ್ಳೆಯದೇ ಆಗಿರಬಹುದು, ಕಾರ್ಡುಗಳು ಬೇಕಾದ ಕಡೆ ಓಡಾಡಬಹುದು. ನನಗೆ ಮಾತ್ರ ಅಷ್ಟು ಖುಷಿ ಇಲ್ಲ. ಎರಡು ಮತ್ತು ನಾಲ್ಕನೇ ಏಟನ್ನು ಡ್ರಮ್ಮರ್ ನೋಡಿಕೊಳ್ಳುವಾಗ ಆ ಬಲಗೈಗೆ ಅರ್ಧ ರಜೆ. ವಿಡಿಯೋದಲ್ಲಿ ಬ್ಯಾಂಡ್ ಬಂದ ಕೂಡಲೇ ನಾನು ಮುಂದೆ ಓಡಿಸಿ, ಅವನು ಮತ್ತೆ ಒಬ್ಬನೇ ಪೆಡಲ್ ಮುಂದೆ ಬಂದು ನಿಲ್ಲುವ ಜಾಗಕ್ಕೆ ಹೋಗುತ್ತೇನೆ.